ಕಟ್ಟುವ ಮುಂಚೆ ತಿಳಿಯಿರಿ: ವಲಯ ನಿಯಮದ ಲೆಕ್ಕದಲ್ಲಿ ನಿಮ್ಮ ಮನೆ ಯಾವ ಬಗೆಯದು?

ಮೇಲಿನ ಮಹಡಿಯಲ್ಲಿ ಇನ್ನೊಂದು ಅಡುಗೆಮನೆ ಮಾಡಿಸಿ ಮಗನ ಸಂಸಾರಕ್ಕೆ ಬಿಟ್ಟುಕೊಡಬೇಕು ಅಂತಿದ್ದೀರಿ. ಅಥವಾ ಖಾಲಿ ಬಿದ್ದಿರುವ ಮೂರು ಕೋಣೆಗಳನ್ನು ಓದುವ ಹುಡುಗರಿಗೆ ಬಾಡಿಗೆಗೆ ಕೊಡಬೇಕು ಅಂತಿದ್ದೀರಿ. ಇಲ್ಲವೇ ಹಿತ್ತಲಲ್ಲಿ ಸಣ್ಣದೊಂದು ಔಟ್‌ಹೌಸ್ ಕಟ್ಟುವ ಯೋಚನೆ ಇದೆ. ನಮ್ಮ ಜಾಗ, ನಮ್ಮ ಮನೆ, ಇದರಲ್ಲೇನು ತೊಡಕು ಅನ್ನಿಸುವುದು ಸಹಜ. ಆದರೆ ಈ ಮೂರರಲ್ಲಿ ಯಾವುದೇ ಒಂದು ಕೆಲಸ ನಿಮ್ಮ ಮನೆಯ ಬಗೆಯನ್ನೇ ಬದಲಿಸಿಬಿಡಬಹುದು. ನಿನ್ನೆಯವರೆಗೆ ಒಂದು ಮನೆ ಅಂತ ಲೆಕ್ಕಕ್ಕಿದ್ದದ್ದು ಇವತ್ತು ಎರಡು ಮನೆಗಳ ಕಟ್ಟಡ ಆಗಬಹುದು, ಹಾಸ್ಟೆಲ್ ಆಗಬಹುದು. ಆ ಬಗೆಗೆ ನಿಮ್ಮ ಬೀದಿಯಲ್ಲಿ ಅವಕಾಶ ಇಲ್ಲದಿದ್ದರೆ ಮೊದಲು ನೋಟಿಸು, ಆಮೇಲೆ ದಂಡ, ಕೊನೆಗೆ ಕಟ್ಟಿದ್ದನ್ನು ಒಡೆಸುವ ತನಕ ಹೋಗಬಹುದು.

ವಲಯ ನಿಯಮ (ಝೋನಿಂಗ್), ಅಂದರೆ ಊರಿನ ಯಾವ ಭಾಗದಲ್ಲಿ ಏನು ಕಟ್ಟಬಹುದು ಅನ್ನುವ ನಿಯಮ, ಊರಿಂದ ಊರಿಗೆ ಬೇರೆ. ಆದರೆ ನಿಯಮ ಪುಸ್ತಕದ ಜೋಡಣೆ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಥರ ಇರುತ್ತದೆ: ಒಂದು ನಕ್ಷೆ, ವ್ಯಾಖ್ಯೆಗಳ ಒಂದು ಅಧ್ಯಾಯ, ಯಾವ ವಲಯದಲ್ಲಿ ಏನು ಕಟ್ಟಬಹುದು ಅನ್ನುವ ಒಂದು ಪಟ್ಟಿ, ಆಮೇಲೆ ಅಳತೆಗಳು. ಹೆಚ್ಚಿನವರು ನೇರವಾಗಿ ಪಟ್ಟಿಗೆ ಹಾರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಟ್ಟಿಯಲ್ಲಿರುವ ಪ್ರತಿಯೊಂದು ಹೆಸರಿಗೂ ಅರ್ಥ ಇರುವುದು ವ್ಯಾಖ್ಯೆಗಳ ಅಧ್ಯಾಯದಲ್ಲಿ. ಬಿಲ್ಡರ್ ಹೇಳಿದ ಹೆಸರು, ಜಾಹೀರಾತಿನ ಹೆಸರು, ನಾವು ದಿನಾ ಕರೆಯುವ ಹೆಸರು ಇಲ್ಲಿ ನಡೆಯುವುದಿಲ್ಲ.

ಮೊದಲು: ಯಾವ ವಲಯ ಅಂತ ಖಚಿತ ಮಾಡಿಕೊಳ್ಳಿ

ನಕ್ಷೆಯಲ್ಲಿ ನಿಮ್ಮ ಸೈಟು ಹುಡುಕಿ, ಅದರ ಮೇಲಿರುವ ಸಂಕೇತ ಬರೆದುಕೊಳ್ಳಿ. ಬಣ್ಣ ನೋಡಿ ನಿರ್ಧಾರ ಮಾಡಬೇಡಿ. ವಸತಿಗೆ ಹಳದಿ ಬಳಿದಿದ್ದರೂ ಅದರೊಳಗೆ ನಾಲ್ಕಾರು ಉಪವಲಯಗಳು ಇರಬಹುದು. ಸೈಟು ಎರಡು ವಲಯಗಳ ಗಡಿ ಮೇಲಿದ್ದರೆ ಗಡಿ ಎಲ್ಲಿ ಹಾದುಹೋಗುತ್ತದೆ ಅಂತ ಕಚೇರಿಯಲ್ಲೇ ಕೇಳಬೇಕು.

ಇನ್ನೊಂದು ವಿಷಯ ಮರೆಯಬೇಡಿ. ಮೂಲ ವಲಯದ ಮೇಲೆ ಇನ್ನೊಂದು ಪದರ ಇರಬಹುದು. ಹಳೇ ಕಟ್ಟಡಗಳ ಪ್ರದೇಶ, ಪ್ರವಾಹ ಬರುವ ಜಾಗ, ವಿಮಾನ ನಿಲ್ದಾಣದ ಸುತ್ತಲ ಎತ್ತರದ ಮಿತಿ, ಹೀಗೆ. ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಸಾಮಾನ್ಯವಾಗಿ ಅದೇ ಗೆಲ್ಲುತ್ತದೆ.

ಎರಡನೆಯದು: ಒಂದು ಮನೆ ಅಂದರೆ ಎಷ್ಟು?

ವ್ಯಾಖ್ಯೆಗಳ ಅಧ್ಯಾಯದಲ್ಲಿ ಮೊಟ್ಟಮೊದಲು ಹುಡುಕಬೇಕಾದದ್ದು ಇದು. ಕೆಲವು ಕಡೆ ವಸತಿ ಘಟಕ ಅಂತ ಇರುತ್ತದೆ, ಕೆಲವು ಕಡೆ ಯೂನಿಟ್. ಅಮೆರಿಕದ ಬಹುತೇಕ ಊರುಗಳು ಆಧಾರವಾಗಿ ಇಟ್ಟುಕೊಳ್ಳುವ ಮಾದರಿ ಕಟ್ಟಡ ಸಂಹಿತೆಯಲ್ಲಿ ಐದು ಅಂಶಗಳಿವೆ: ವಾಸ, ನಿದ್ದೆ, ಊಟ, ಅಡುಗೆ, ಶೌಚ. ಈ ಐದಕ್ಕೂ ಕಾಯಂ ವ್ಯವಸ್ಥೆ ಇದ್ದು, ಬೇರೆಯವರ ಜಾಗ ಹಾಯದೆ ಸ್ವತಂತ್ರವಾಗಿ ಬದುಕಬಹುದಾದರೆ ಅದು ಒಂದು ಯೂನಿಟ್.

ಐದರಲ್ಲಿ ನಾಲ್ಕು ಯಾವ ಮನೆಯಲ್ಲಾದರೂ ಎರಡೆರಡು ಇರಬಹುದು. ಎರಡು ಮಲಗುವ ಕೋಣೆ, ಎರಡು ಬಚ್ಚಲು ಇದ್ದರೆ ಯಾರೂ ಕೇಳುವುದಿಲ್ಲ. ತಕರಾರು ಬರುವುದು ಅಡುಗೆಮನೆಗೆ. ಹಾಗಾಗಿ ಅಧಿಕಾರಿಗಳು ಯೂನಿಟ್ ಎಣಿಸುವಾಗ ಒಲೆ ಎಣಿಸುತ್ತಾರೆ ಅಂದರೂ ತಪ್ಪಿಲ್ಲ. ಆದರೆ ಅಡುಗೆಮನೆ ಅಂದರೆ ಏನು ಅಂತಲೂ ನೋಡಬೇಕು, ಅಲ್ವಾ? ಸಿಂಕು, ಸಣ್ಣ ಫ್ರಿಜ್ಜು, ಒಂದಡಿ ಕಟ್ಟೆ ಇದ್ದರೆ ಕೆಲವು ಊರುಗಳು ಅದನ್ನು ಅಡುಗೆಮನೆ ಅನ್ನುವುದಿಲ್ಲ. ಅಲ್ಲಿಗೆ ಗ್ಯಾಸ್ ಪೈಪ್ ಎಳೆದರೆ, ಅಥವಾ ದೊಡ್ಡ ವಿದ್ಯುತ್ ಒಲೆಗೆ ಬೇಕಾದ ಭಾರಿ ಪ್ಲಗ್ ಪಾಯಿಂಟ್ ಹಾಕಿಸಿದರೆ ಆಗ ಅಡುಗೆಮನೆ. ಒಲೆ ಇನ್ನೂ ತಂದಿಲ್ಲ ಅನ್ನುವ ಉತ್ತರ ಸಾಲದು. ಒಲೆಗೆ ವ್ಯವಸ್ಥೆ ಇದೆಯಾ ಅನ್ನುವುದೇ ಪ್ರಶ್ನೆ.

ಪ್ಲಾನ್ ನೋಡುವವರು ಇನ್ನೂ ಮೂರು ಗುರುತು ಹುಡುಕುತ್ತಾರೆ. ಮೇಲಿನ ಮಹಡಿಗೆ ಹೊರಗಿನಿಂದಲೇ ಮೆಟ್ಟಿಲು ಇದೆಯಾ? ಒಳಗಿನಿಂದ ಓಡಾಡುವ ಬಾಗಿಲಿಗೆ ಎರಡೂ ಕಡೆ ಚಿಲಕ ಇದೆಯಾ? ಕರೆಂಟು, ನೀರಿಗೆ ಬೇರೆ ಮೀಟರ್ ಹಾಕಿಸಿದ್ದೀರಾ? ಒಂದೊಂದೇ ಆದರೆ ಏನೂ ಆಗದಿರಬಹುದು. ಎರಡನೇ ಅಡುಗೆಮನೆಯ ಜೊತೆ ಈ ಮೂರೂ ಸೇರಿದರೆ ಅದು ಎರಡನೇ ಮನೆ ಅಂತ ವಾದಿಸುವುದು ಅವರಿಗೆ ಸುಲಭ. ನಿಮ್ಮ ಉದ್ದೇಶ ಒಂದೇ ಸಂಸಾರದ ಅನುಕೂಲ ಅಷ್ಟೇ ಆಗಿದ್ದರೆ, ಒಳಗಿನ ಮೆಟ್ಟಿಲು ಉಳಿಸಿಕೊಳ್ಳಿ, ಮೀಟರ್ ಒಂದೇ ಇರಲಿ. ಪ್ಲಾನ್‌ನಲ್ಲಿ ಅದು ಎದ್ದು ಕಾಣುವಂತಿರಲಿ.

ಮೂರನೆಯದು: ಎಷ್ಟು ಯೂನಿಟ್, ಹೇಗೆ ಅಂಟಿಕೊಂಡಿವೆ?

ಯೂನಿಟ್ ಎಣಿಕೆ ಆದ ಮೇಲೆ ಹೆಸರು ಇಡುವುದು ಸುಲಭ. ಒಂದು ಸೈಟು, ಒಂದು ಯೂನಿಟ್, ನಾಲ್ಕೂ ಕಡೆ ಬಯಲು ಇದ್ದರೆ ಅದು ಒಂಟಿ ಮನೆ. ಎರಡು ಯೂನಿಟ್ ಪಕ್ಕಪಕ್ಕ ಒಂದೇ ಗೋಡೆ ಹಂಚಿಕೊಂಡು, ಗೋಡೆಯ ನಡುವೆಯೇ ಸೈಟಿನ ಗಡಿ ಹೋಗುತ್ತಿದ್ದರೆ ಜೋಡಿ ಮನೆ.

ಒಂದೇ ಸೈಟಿನ ಒಂದೇ ಕಟ್ಟಡದಲ್ಲಿ ಎರಡು ಯೂನಿಟ್ ಇದ್ದರೆ ಅಮೆರಿಕದ ವಲಯ ನಿಯಮಗಳಲ್ಲಿ ಅದು ಡ್ಯುಪ್ಲೆಕ್ಸ್. ಇಲ್ಲಿ ತುಂಬಾ ಜನ ಎಡವುತ್ತಾರೆ. ನಮ್ಮ ಮಾತಿನಲ್ಲಿ ಡ್ಯುಪ್ಲೆಕ್ಸ್ ಅಂದರೆ ಒಳಗೇ ಮೆಟ್ಟಿಲಿರುವ ಎರಡು ಮಹಡಿಯ ಒಂದೇ ಮನೆ. ನಿಯಮದ ಪ್ರಕಾರ ಅದು ಒಂಟಿ ಮನೆಯೇ. ಅರ್ಜಿಯಲ್ಲಿ ಡ್ಯುಪ್ಲೆಕ್ಸ್ ಅಂತ ಬರೆದರೆ ಎರಡು ಮನೆ ಕೇಳುತ್ತಿದ್ದೀರಿ ಅಂತ ಓದಿಕೊಳ್ಳುವ ಊರುಗಳಿವೆ.

ಸಾಲು ಮನೆಗೂ ಅಪಾರ್ಟ್‌ಮೆಂಟಿಗೂ ಇರುವ ವ್ಯತ್ಯಾಸ ನೋಡಿ. ಮೂರು ಅಥವಾ ಹೆಚ್ಚು ಯೂನಿಟ್ ಸಾಲಾಗಿದ್ದು, ಪ್ರತಿಯೊಂದೂ ಪಾಯದಿಂದ ಸೂರಿನ ತನಕ ಒಂದೇ ಮನೆಯವರದ್ದಾಗಿದ್ದರೆ, ಕನಿಷ್ಠ ಎರಡು ಕಡೆ ಬಯಲು ಇದ್ದರೆ, ಅದು ಸಾಲು ಮನೆ. ಮೂರು ಅಥವಾ ಹೆಚ್ಚು ಯೂನಿಟ್ ಇದ್ದು, ಒಬ್ಬರ ತಲೆ ಮೇಲೆ ಇನ್ನೊಬ್ಬರ ನೆಲ ಬಂದ ತಕ್ಷಣ ಅದು ಬಹುಮನೆ ಕಟ್ಟಡ, ಅಂದರೆ ಅಪಾರ್ಟ್‌ಮೆಂಟು. ಇದು ಬರೀ ಹೆಸರಿನ ಮಾತಲ್ಲ. ಅಮೆರಿಕದ ಮಾದರಿ ಸಂಹಿತೆಗಳಲ್ಲಿ ಒಂದು ಮನೆ, ಎರಡು ಮನೆ, ಮೂರು ಮಹಡಿ ಮೀರದ ಸಾಲು ಮನೆಗಳಿಗೆ ಒಂದು ಪುಸ್ತಕ; ಉಳಿದ ಎಲ್ಲಕ್ಕೂ ಬೇರೆ ಪುಸ್ತಕ. ಎರಡನೇ ಪುಸ್ತಕಕ್ಕೆ ಹೋದರೆ ಬೆಂಕಿ ಸುರಕ್ಷತೆ, ಮೆಟ್ಟಿಲು, ಓಡಾಟದ ದಾರಿಗಳ ನಿಯಮ ಬಿಗಿಯಾಗುತ್ತದೆ, ಖರ್ಚೂ ಏರುತ್ತದೆ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಕೂಡ ವಸತಿ ಕಟ್ಟಡಗಳನ್ನು ಎ-1ರಿಂದ ಎ-6ರವರೆಗೆ ವಿಂಗಡಿಸುತ್ತದೆ. ಅದರಲ್ಲಿ ಒಂದು ಅಥವಾ ಎರಡು ಸಂಸಾರದ ಮನೆ ಎ-2, ಡಾರ್ಮಿಟರಿ ಎ-3, ಅಪಾರ್ಟ್‌ಮೆಂಟ್ ಎ-4.

ಮಾಲೀಕತ್ವ ಇಲ್ಲಿ ಲೆಕ್ಕಕ್ಕಿಲ್ಲ. ಫ್ಲಾಟು ಸ್ವಂತದ್ದೋ ಬಾಡಿಗೆಯದೋ, ನಾಲ್ಕು ಯೂನಿಟ್ ನಾಲ್ಕು ಹೆಸರಲ್ಲಿದೆಯೋ ಒಂದೇ ಹೆಸರಲ್ಲಿದೆಯೋ, ವಲಯ ನಿಯಮಕ್ಕೆ ಕಟ್ಟಡದ ರೂಪ ಮುಖ್ಯ.

ನಾಲ್ಕನೆಯದು: ಒಳಗೆ ಯಾರಿದ್ದಾರೆ?

ನನಗೆ ಈ ಭಾಗ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಯಾಕೆಂದರೆ ಕಟ್ಟಡದ ನಿಯಮ ಅಂದುಕೊಂಡು ಓದುತ್ತಾ ಹೋದವರಿಗೆ ಇದ್ದಕ್ಕಿದ್ದಂತೆ ಕುಟುಂಬ ಅಂದರೆ ಯಾರು ಅನ್ನುವ ವ್ಯಾಖ್ಯೆ ಎದುರಾಗುತ್ತದೆ. ಒಂಟಿ ಮನೆ ಅಂದರೆ ಒಂದು ಕುಟುಂಬ ವಾಸಿಸುವ ಮನೆ ಅಂತ ಬರೆದ ಮೇಲೆ ಕುಟುಂಬ ಅಂದರೆ ಯಾರು ಅಂತಲೂ ಬರೆಯಬೇಕಾಗುತ್ತದಲ್ಲ.

ನ್ಯೂಯಾರ್ಕ್ ರಾಜ್ಯದ ಬೆಲ್ ಟೆರ್ ಅನ್ನುವ ಸಣ್ಣ ಊರಿನ ನಿಯಮದಲ್ಲಿ ರಕ್ತಸಂಬಂಧ, ದತ್ತು, ಮದುವೆಯಿಂದ ಸೇರಿದವರು ಎಷ್ಟು ಜನರಾದರೂ ಒಂದು ಕುಟುಂಬ. ಸಂಬಂಧ ಇಲ್ಲದವರಾದರೆ ಇಬ್ಬರು ಮಾತ್ರ. ಅಲ್ಲಿ ಆರು ಜನ ಕಾಲೇಜು ವಿದ್ಯಾರ್ಥಿಗಳು ಒಂದು ಮನೆ ಬಾಡಿಗೆಗೆ ಹಿಡಿದಾಗ ವಿಷಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1974ರಲ್ಲಿ ಕೋರ್ಟು ಊರಿನ ನಿಯಮವನ್ನೇ ಎತ್ತಿಹಿಡಿಯಿತು.

ಮೂರು ವರ್ಷದ ನಂತರ ಓಹಾಯೋದ ಈಸ್ಟ್ ಕ್ಲೀವ್‌ಲ್ಯಾಂಡಿನ ಇನೆಜ್ ಮೂರ್ ಅನ್ನುವ ಅಜ್ಜಿಯ ಮೊಕದ್ದಮೆ ಬಂತು. ಆಕೆಯ ಮನೆಯಲ್ಲಿ ಒಬ್ಬ ಮಗ, ಇಬ್ಬರು ಮೊಮ್ಮಕ್ಕಳು. ಒಬ್ಬ ಆ ಮಗನ ಮಗ. ಇನ್ನೊಬ್ಬ ಬೇರೊಬ್ಬ ಮಗನ ಮಗ, ತಾಯಿ ತೀರಿಕೊಂಡ ಮೇಲೆ ಅಜ್ಜಿಯ ಮಡಿಲಿಗೆ ಬಂದ ಕೂಸು. ಊರಿನ ವ್ಯಾಖ್ಯೆಯ ಪ್ರಕಾರ ಈ ಎರಡನೇ ಮೊಮ್ಮಗ ಕುಟುಂಬಕ್ಕೆ ಸೇರಿದವನಲ್ಲ. ಅವನನ್ನು ಮನೆಯಿಂದ ಕಳಿಸಲು ಅಜ್ಜಿ ಒಪ್ಪಲಿಲ್ಲ. ಐದು ದಿನ ಜೈಲು, 25 ಡಾಲರ್ ದಂಡ ವಿಧಿಸಿದರು. 1977ರಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನು ತಳ್ಳಿಹಾಕಿತು. ಅಜ್ಜಿ, ಮೊಮ್ಮಗ ಒಂದೇ ಸೂರಿನಡಿ ಇರುವುದನ್ನು ಅಪರಾಧ ಮಾಡಿದ ಆ ವ್ಯಾಖ್ಯೆ ತೀರಾ ಅನ್ಯಾಯದ್ದು. ಒಂದು ಪದವನ್ನು ಇಕ್ಕಟ್ಟಾಗಿ ಬರೆದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಇಂಗ್ಲೆಂಡಿನಲ್ಲಿ ಸಂಬಂಧಕ್ಕಿಂತ ಒಟ್ಟಾಗಿ ಬಾಳುವ ರೀತಿಗೆ ಬೆಲೆ. ಒಬ್ಬರೇ ಇರುವ ಮನೆ, ಒಂದು ಕುಟುಂಬದ ಮನೆ, ಅಥವಾ ಆರು ಜನ ಮೀರದಂತೆ ಒಂದೇ ಸಂಸಾರವಾಗಿ ಬದುಕುವವರ ಮನೆ ಅಲ್ಲಿನ ಯೋಜನಾ ನಿಯಮದಲ್ಲಿ ಸಿ3 ವರ್ಗ. ಸಂಬಂಧವಿಲ್ಲದ ಮೂರರಿಂದ ಆರು ಜನ ಅಡುಗೆಮನೆಯನ್ನೋ ಬಚ್ಚಲನ್ನೋ ಹಂಚಿಕೊಂಡು ತಮ್ಮ ಪಾಡಿಗೆ ತಾವಿದ್ದರೆ ಸಿ4. ಈ ವರ್ಗ ಸೇರಿದ್ದು 2010ರಲ್ಲಿ. ಏಳನೆಯವರು ಬಂದರೆ ಸಾಮಾನ್ಯವಾಗಿ ಎರಡೂ ವರ್ಗದಿಂದ ಹೊರಗೆ, ಅದಕ್ಕೆ ಬೇರೆಯೇ ಅನುಮತಿ. ಗೋಡೆ, ಬಾಗಿಲು ಒಂದೂ ಬದಲಾಗದೆ ಮನೆಯ ಬಗೆ ಬದಲಾಗುತ್ತದೆ ನೋಡಿ.

ಹಾಗಾಗಿ ಈ ವ್ಯಾಖ್ಯೆ ಓದುವಾಗ ಪೆನ್ನು ಹಿಡಿದು ಕೂರಿ. ಸಂಬಂಧ ಇಲ್ಲದವರ ಮಿತಿ ಎಷ್ಟು, ಮನೆಗೆಲಸದವರು, ಆರೈಕೆಯವರು ಆ ಎಣಿಕೆಯಲ್ಲಿ ಬರುತ್ತಾರಾ, ಮಾಲೀಕರೂ ಅಲ್ಲೇ ಇದ್ದರೆ ಮಿತಿ ಬದಲಾಗುತ್ತದಾ, ಇವನ್ನು ಗುರುತು ಹಾಕಿಕೊಳ್ಳಿ. ಅಂಗವಿಕಲರು ಒಟ್ಟಾಗಿ ಇರುವ ಮನೆಗಳಿಗೆ ಹಲವು ದೇಶಗಳಲ್ಲಿ ಪ್ರತ್ಯೇಕ ರಕ್ಷಣೆ ಇದೆ. ಅಂಥ ಮನೆ ನಡೆಸುವವರು ಊರಿನ ನಿಯಮ ಒಂದನ್ನೇ ನೋಡಿ ಕೈಬಿಡಬಾರದು, ರಾಜ್ಯದ, ದೇಶದ ಕಾನೂನನ್ನೂ ನೋಡಬೇಕು.

ಐದನೆಯದು: ಎಷ್ಟು ದಿನ ಇರುತ್ತಾರೆ?

ಇದು ಚಿಕ್ಕ ಪ್ರಶ್ನೆ, ಆದರೆ ಹೋಮ್‌ಸ್ಟೇ ಮಾಡುವವರಿಗೆ ದೊಡ್ಡದು. ತಿಂಗಳುಗಟ್ಟಲೆ ಇದ್ದರೆ ವಾಸ, ದಿನದ ಲೆಕ್ಕದಲ್ಲಿ ಬಂದುಹೋದರೆ ಅದು ತಂಗುವ ಜಾಗ. ಗಡಿ 30 ದಿನ ಅಂತ ಇಟ್ಟಿರುವ ಊರುಗಳು ಜಾಸ್ತಿ. ಪಿಜಿ, ಹಾಸ್ಟೆಲ್‌ಗಳು ಇವೆರಡರ ನಡುವೆ ಬೀಳುತ್ತವೆ. ಅಲ್ಲಿ ಜನ ತಿಂಗಳುಗಟ್ಟಲೆ ಇರುತ್ತಾರೆ, ಆದರೆ ಬಾಡಿಗೆ ಕೋಣೆಗೋ ಹಾಸಿಗೆಗೋ, ಅಡುಗೆ ಎಲ್ಲರಿಗೂ ಒಂದೇ. ಬಹಳ ಕಡೆ ಇದಕ್ಕೆ ಬೇರೆಯೇ ವ್ಯಾಖ್ಯೆ ಇರುತ್ತದೆ. ಇಲ್ಲದಿದ್ದರೆ ಸುಮ್ನೆ ಮನೆ ಅಂತ ಊಹಿಸಿಕೊಳ್ಳಬೇಡಿ.

ಆರನೆಯದು: ಎರಡನೇ ಮನೆ, ಮತ್ತು ಫ್ಯಾಕ್ಟರಿಯಲ್ಲಿ ತಯಾರಾದ ಮನೆ

ಹಿತ್ತಲ ಔಟ್‌ಹೌಸ್, ಗ್ಯಾರೇಜಿನ ಮೇಲಿನ ಸಣ್ಣ ಮನೆ, ನೆಲಮಾಳಿಗೆಯ ಮನೆ, ಇವನ್ನು ಉಪಮನೆ ಅಂತ ಪ್ರತ್ಯೇಕವಾಗಿ ನೋಡುವ ನಿಯಮಗಳು ಹೆಚ್ಚಾಗುತ್ತಿವೆ. ಉಪಮನೆ ಅಂತ ಒಪ್ಪಿಕೊಂಡರೆ ದೊಡ್ಡ ಲಾಭ ಏನೆಂದರೆ ಸೈಟು ಒಂಟಿ ಮನೆಯ ಸೈಟಾಗಿಯೇ ಉಳಿಯುತ್ತದೆ. ಅದಕ್ಕೆ ಷರತ್ತುಗಳಿರುತ್ತವೆ: ಮೂಲ ಮನೆಗಿಂತ ಚಿಕ್ಕದಿರಬೇಕು, ಕೆಲವು ಕಡೆ ಮಾಲೀಕರು ಎರಡರಲ್ಲಿ ಒಂದರಲ್ಲಿ ಇರಲೇಬೇಕು, ಬೇರೆಯಾಗಿ ಮಾರುವಂತಿಲ್ಲ.

ಫ್ಯಾಕ್ಟರಿಯಲ್ಲಿ ತಯಾರಾಗಿ ಲಾರಿಯಲ್ಲಿ ಬರುವ ಮನೆಗಳದ್ದು ಇನ್ನೊಂದು ಕಥೆ. ಅಮೆರಿಕದಲ್ಲಿ ಇಂಥ ಮನೆಗಳಿಗೆ ಕೇಂದ್ರ ಸರ್ಕಾರದ ನಿರ್ಮಾಣ ನಿಯಮ ಜಾರಿಗೆ ಬಂದದ್ದು 1976ರ ಜೂನ್ 15ರಂದು. ಆ ದಿನದ ನಂತರ ಆ ನಿಯಮದಂತೆ ತಯಾರಾದ ಮನೆಯ ಹೊರಗೋಡೆಗೆ ಒಂದು ಸಣ್ಣ ಕೆಂಪು ಲೋಹದ ಪಟ್ಟಿ ಹೊಡೆದಿರುತ್ತಾರೆ. ಎಷ್ಟೋ ಊರುಗಳು ಆ ಪಟ್ಟಿ ಇದ್ದರೆ ಒಂದು ಥರ, ಇಲ್ಲದಿದ್ದರೆ ಇನ್ನೊಂದು ಥರ ನೋಡುತ್ತವೆ. ಹಳೇ ಮನೆ ಕೊಳ್ಳುವವರು ಬಣ್ಣ ಬಳಿಯುವ ಮುಂಚೆ ಆ ಪಟ್ಟಿ ಎಲ್ಲಿದೆ ಅಂತ ಹುಡುಕಿ, ಅದರ ಸಂಖ್ಯೆಯ ಫೋಟೋ ತೆಗೆದಿಟ್ಟುಕೊಳ್ಳಬೇಕು. ಬಿಡಿ ಭಾಗಗಳಾಗಿ ಬಂದು ಪಾಯದ ಮೇಲೆ ಜೋಡಿಸುವ, ಸ್ಥಳೀಯ ಸಂಹಿತೆಯಂತೆ ತಯಾರಾದ ಮನೆ ಮಾತ್ರ ಸಾಮಾನ್ಯವಾಗಿ ಉಳಿದ ಮನೆಗಳಂತೆಯೇ.

ಏಳನೆಯದು: ಈಗ ಪಟ್ಟಿಗೆ ಬನ್ನಿ

ಮನೆಯ ಬಗೆ ಗೊತ್ತಾಯಿತು, ವಲಯ ಗೊತ್ತಾಯಿತು. ಪಟ್ಟಿಯಲ್ಲಿ ಆ ಸಾಲೂ ಈ ಕಾಲಮ್ಮೂ ಸೇರುವ ಚೌಕ ನೋಡಿ. ನೇರ ಅನುಮತಿ, ಷರತ್ತಿನ ಅನುಮತಿ, ಖಾಲಿ, ಸಾಮಾನ್ಯವಾಗಿ ಈ ಮೂರರಲ್ಲಿ ಒಂದು ಇರುತ್ತದೆ. ಖಾಲಿ ಅಂದರೆ ಬಹುತೇಕ ಕಡೆ ನಿಷೇಧ. ಷರತ್ತಿನ ಅನುಮತಿ ಅಂದರೆ ಅಕ್ಕಪಕ್ಕದವರಿಗೆ ನೋಟಿಸು, ಸಾರ್ವಜನಿಕ ಸಭೆ, ಕಾಯುವಿಕೆ. ಕೊಳ್ಳುವ ಮುಂಚೆ ಆ ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ.

ವಲಯಗಳು ಮೆಟ್ಟಿಲಿನಂತೆ ಏರುತ್ತವೆಯಾ, ಅಂದರೆ ಒಂದು ವಲಯದಲ್ಲಿ ಒಪ್ಪಿದ್ದು ಅದರ ಮುಂದಿನ ವಲಯದಲ್ಲೂ ನಡೆಯುತ್ತದಾ ಅಂತಲೂ ನೋಡಬೇಕು. ಅಮೆರಿಕದಲ್ಲಿ ವಲಯ ನಿಯಮಕ್ಕೆ ಸುಪ್ರೀಂ ಕೋರ್ಟಿನ ಒಪ್ಪಿಗೆ ಸಿಕ್ಕಿದ್ದು 1926ರಲ್ಲಿ, ಯೂಕ್ಲಿಡ್ ಅನ್ನುವ ಊರಿನ ಮೊಕದ್ದಮೆಯಲ್ಲಿ. ಆ ಊರಿನ ಯು-1 ವಲಯದಲ್ಲಿ ಒಂದು ಕುಟುಂಬದ ಮನೆ, ಯು-2ರಲ್ಲಿ ಅದರ ಜೊತೆ ಎರಡು ಕುಟುಂಬದ ಮನೆ, ಯು-3ರಲ್ಲಿ ಇವೆರಡರ ಜೊತೆ ಅಪಾರ್ಟ್‌ಮೆಂಟು. ಒಂಟಿ ಮನೆಗಳ ನಡುವೆ ಬರುವ ಅಪಾರ್ಟ್‌ಮೆಂಟನ್ನು ಆ ತೀರ್ಪು ಪರಾವಲಂಬಿ ಜೀವಿ ಅಂತ ಕರೆಯಿತು. ಆ ಮಾತಿನ ನೆರಳು ಎಷ್ಟೋ ಊರುಗಳ ನಕ್ಷೆ ಮೇಲೆ ಇನ್ನೂ ಇದೆ ಅನ್ನುವುದು ನನ್ನ ನೋವು.

ಜಪಾನಿನ ದಾರಿ ಬೇರೆ. ಅಲ್ಲಿ ವಲಯಗಳ ಬಗೆಯನ್ನು ಇಡೀ ದೇಶಕ್ಕೆ ಒಂದೇ ಕಾನೂನು ಗೊತ್ತುಮಾಡುತ್ತದೆ, ಒಟ್ಟು 13. ಎಲ್ಲಕ್ಕಿಂತ ಬಿಗಿಯಾದ ವಸತಿ ವಲಯದಲ್ಲಿ ಎತ್ತರ 10 ಅಥವಾ 12 ಮೀಟರ್ ಮೀರುವಂತಿಲ್ಲ. ಆದರೆ ಆ ಎತ್ತರದೊಳಗೆ ಒಂಟಿ ಮನೆಯೂ ಕಟ್ಟಬಹುದು, ಸಣ್ಣ ಅಪಾರ್ಟ್‌ಮೆಂಟೂ ಕಟ್ಟಬಹುದು. ಮನೆಯ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ, 50 ಚದರ ಮೀಟರ್ ಮೀರದಂತೆ ಪುಟ್ಟ ಅಂಗಡಿಯನ್ನೂ ಇಡಬಹುದು.

ಪಟ್ಟಿಗಳು ಬದಲಾಗುತ್ತವೆ ಕೂಡ. ಮಿನಿಯಾಪೊಲಿಸ್ ನಗರ 2018ರಲ್ಲಿ ಒಪ್ಪಿದ ಯೋಜನೆಯಿಂದ ಒಂಟಿ ಮನೆಗಷ್ಟೇ ಮೀಸಲಿದ್ದ ಸೈಟುಗಳಲ್ಲಿ ಮೂರು ಯೂನಿಟ್‌ವರೆಗೆ ದಾರಿಯಾಯಿತು. 2019ರಲ್ಲಿ ಒರೆಗಾನ್ ರಾಜ್ಯ 10,000ಕ್ಕಿಂತ ಹೆಚ್ಚು ಜನರಿರುವ ಊರುಗಳಲ್ಲಿ ಎರಡು ಯೂನಿಟ್ ಕಟ್ಟಡಕ್ಕೆ ಅವಕಾಶ ಕೊಡಲೇಬೇಕು ಅಂತ ಕಾನೂನು ಮಾಡಿತು. ಹಾಗಾಗಿ ಹಳೇ ಪ್ರತಿ ನೋಡಿ ಕೈಚೆಲ್ಲಬೇಡಿ. ಕೊನೆಯ ತಿದ್ದುಪಡಿಯ ದಿನಾಂಕ ನೋಡಿ.

ಎಂಟನೆಯದು: ಅಳತೆ ಹಾಕಿ

ಪಟ್ಟಿ ಹೂಂ ಅಂದರೂ ಅಳತೆ ಬೇಡ ಅನ್ನಬಹುದು. ಲೆಕ್ಕ ಹಾಕಿ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ. ಸೈಟು 30 ಅಡಿ ಅಗಲ, 40 ಅಡಿ ಉದ್ದ, ಅಂದರೆ 1200 ಚದರ ಅಡಿ. ಎಫ್‌ಎಆರ್ (ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಅಂಕಿ) 1.5 ಇದ್ದರೆ ಒಟ್ಟು 1800 ಚದರ ಅಡಿ ಕಟ್ಟಬಹುದು ಅಂತ ಖುಷಿಯಾಗುತ್ತದೆ. ಸೆಟ್‌ಬ್ಯಾಕ್, ಅಂದರೆ ಸುತ್ತ ಖಾಲಿ ಬಿಡಬೇಕಾದ ಜಾಗ, ಮುಂದೆ 6 ಅಡಿ, ಹಿಂದೆ 4, ಎರಡೂ ಪಕ್ಕಗಳಲ್ಲಿ ತಲಾ 3 ಅಡಿ ಅನ್ನಿ. ಉಳಿದದ್ದು 24 ಅಡಿ, 30 ಅಡಿ, ಅಂದರೆ 720. ಸೈಟಿನ ಶೇ 55 ಮಾತ್ರ ಮುಚ್ಚಬಹುದು ಅಂತಿದ್ದರೆ 660ಕ್ಕೆ ಇಳಿಯಿತು. ಎರಡೇ ಮಹಡಿ ಅಂತಿದ್ದರೆ 1320. ಎಫ್‌ಎಆರ್ ಕೊಟ್ಟ 1800 ಕಾಗದದ ಮೇಲಷ್ಟೇ ಉಳಿಯಿತು.

ಇನ್ನು ಯೂನಿಟ್ ಎಷ್ಟು? ಪ್ರತಿ ಯೂನಿಟ್‌ಗೆ ಕನಿಷ್ಠ 700 ಚದರ ಅಡಿ ಸೈಟು ಬೇಕು ಅಂತಿದ್ದರೆ 1200ಕ್ಕೆ 1.7 ಬರುತ್ತದೆ. ಭಿನ್ನರಾಶಿಯನ್ನು ಕೆಳಗಿಳಿಸುವ ಊರಿನಲ್ಲಿ ಒಂದೇ ಯೂನಿಟ್, ಮೇಲೇರಿಸುವ ಊರಿನಲ್ಲಿ ಎರಡು. ಅದನ್ನೂ ವ್ಯಾಖ್ಯೆಗಳ ಅಧ್ಯಾಯದಲ್ಲೇ ಹೇಳಿರುತ್ತಾರೆ. ಜೊತೆಗೆ ಯೂನಿಟ್‌ಗೆ ಒಂದು ಕಾರಿನ ಜಾಗ ಬೇಕು ಅಂದರೆ ನೆಲಮಹಡಿಯ ಒಂದು ಕೋಣೆ ಹೋಯಿತು ಅಂದುಕೊಳ್ಳಿ.

ಬರೀ ಸೈಟಿನ ಕನಿಷ್ಠ ಅಳತೆಯೇ ಮನೆಯ ಬಗೆಯನ್ನು ತೀರ್ಮಾನಿಸಬಲ್ಲದು. ಹ್ಯೂಸ್ಟನ್ ನಗರಕ್ಕೆ ಸಾಂಪ್ರದಾಯಿಕ ವಲಯ ನಿಯಮವೇ ಇಲ್ಲ. ಆದರೂ 1998ರಲ್ಲಿ ಅದರ ಒಳ ವರ್ತುಲ ರಸ್ತೆಯೊಳಗಿನ ಭಾಗದಲ್ಲಿ ಕನಿಷ್ಠ ಸೈಟಿನ ಅಳತೆಯನ್ನು 5,000 ಚದರ ಅಡಿಯಿಂದ 1,400ಕ್ಕೆ ಇಳಿಸಿದ ಮೇಲೆ ಒಂಟಿ ಮನೆಗಳಿದ್ದ ಜಾಗದಲ್ಲಿ ಸಾಲು ಮನೆಗಳು ಎದ್ದವು.

ಹಳೇ ಮನೆಯಾಗಿದ್ದರೆ

ನಿಯಮ ಬರುವ ಮುಂಚೆ ಸರಿಯಾದ ಅನುಮತಿಯಿಂದಲೇ ಕಟ್ಟಿದ ಎರಡು ಯೂನಿಟ್ ಕಟ್ಟಡ ಈಗಿನ ವಲಯಕ್ಕೆ ಹೊಂದದಿದ್ದರೂ ಸಾಮಾನ್ಯವಾಗಿ ಹಾಗೇ ಮುಂದುವರಿಯಬಹುದು. ಆದರೆ ಆ ರಿಯಾಯಿತಿ ಕಳೆದುಹೋಗುವ ಸಂದರ್ಭಗಳಿವೆ. ಒಂದು ಯೂನಿಟ್ ಗೊತ್ತುಪಡಿಸಿದ ಅವಧಿಯವರೆಗೆ ಖಾಲಿ ಬಿಟ್ಟರೆ, ಬೆಂಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟರೆ, ವಿಸ್ತರಿಸಿದರೆ ಹೋಗಬಹುದು. ಇಂಥ ಮನೆ ಕೊಳ್ಳುವವರು ಹಳೇ ಅನುಮತಿ ಪತ್ರ, ತೆರಿಗೆ ರಸೀದಿ, ಎರಡೂ ಮೀಟರ್‌ಗಳ ಹಳೇ ಬಿಲ್ಲು ಕೇಳಿ ಪಡೆಯಬೇಕು. ಎರಡೂ ಯೂನಿಟ್‌ನಲ್ಲಿ ಜನ ಇದ್ದರು ಅಂತ ತೋರಿಸುವ ಹೊಣೆ ನಿಮ್ಮ ಮೇಲೇ ಬರುತ್ತದೆ.

ಕೊನೆಗೆ ಬರಹದಲ್ಲಿ ಕೇಳಿ

ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಆಗುತ್ತೆ ಅಂದದ್ದು ನಾಳೆ ನಿಲ್ಲುವುದಿಲ್ಲ. ನಾನು ಮನೆ ಕಟ್ಟಬಹುದಾ ಅಂತ ಕೇಳಿದರೆ ಅಸ್ಪಷ್ಟ ಉತ್ತರವೇ ಬರುತ್ತದೆ. ಹೀಗೆ ಕೇಳಿ: ಈ ಸಂಖ್ಯೆಯ ಸೈಟು, ಈ ವಲಯ, ಈ ಲಗತ್ತಿಸಿದ ಪ್ಲಾನು; ಮೇಲಿನ ಮಹಡಿಯಲ್ಲಿ ಸಿಂಕು ಇದೆ, ಒಲೆಗೆ ವ್ಯವಸ್ಥೆ ಇಲ್ಲ, ಮೆಟ್ಟಿಲು ಒಳಗಿದೆ; ನಿಮ್ಮ ನಿಯಮದ ಯಾವ ವ್ಯಾಖ್ಯೆಯಂತೆ ಇದು ಎಷ್ಟು ಯೂನಿಟ್? ಉತ್ತರದಲ್ಲಿ ಕಲಮಿನ ಸಂಖ್ಯೆ, ಸಹಿ, ದಿನಾಂಕ ಇರಲಿ. ಬಡಾವಣೆಯ ಕ್ರಯಪತ್ರದ ಷರತ್ತು, ಅಪಾರ್ಟ್‌ಮೆಂಟ್ ಸಂಘದ ಬೈಲಾ ಇದ್ದರೆ ಅವನ್ನೂ ಬೇರೆಯಾಗಿ ಓದಿ. ಕಚೇರಿ ಒಪ್ಪಿದ್ದನ್ನು ಅವು ತಡೆಯಬಹುದು.

ಉತ್ತರ ನಿಮ್ಮ ವಿರುದ್ಧ ಬಂದರೆ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಬಹುತೇಕ ಕಡೆ ವ್ಯಾಖ್ಯೆಯನ್ನು ತಪ್ಪಾಗಿ ಓದಿದ್ದಾರೆ ಅಂತ ಮೇಲ್ಮನವಿ ಹಾಕಬಹುದು, ಅಥವಾ ಅಳತೆಯಲ್ಲಿ ವಿನಾಯಿತಿ ಕೇಳಬಹುದು. ಇವೆರಡೂ ಬೇರೆ ಬೇರೆ ಅರ್ಜಿಗಳು, ಶುಲ್ಕವೂ ಬೇರೆ. ಮೇಲ್ಮನವಿಗೆ ಗಡುವು ಕಡಿಮೆ ಇರುತ್ತದೆ, ಎಷ್ಟೋ ಕಡೆ ಕೆಲವೇ ವಾರ. ಪತ್ರ ಕೈಗೆ ಬಂದ ದಿನವೇ ಲಕೋಟೆಯ ಮೇಲೆ ತಾರೀಕು ಬರೆದು, ಗಡುವು ಯಾವ ದಿನದಿಂದ ಶುರು ಅಂತ ಕಚೇರಿಗೆ ಫೋನು ಮಾಡಿ ಕೇಳಿಬಿಡಿ.